ಹತ್ತು ಸಲ ಕುಲುಕುವ ಕೆಲಸ

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಹೂಗೈ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಯಾವುದೋ ಮಗುವಿನ ತಾಯಿ ಇಟ್ಟಿದ್ದಿರಬೇಕು. ರಕ್ತ ತೆಗೆದು ಹತ್ತಿ ಒತ್ತಿದ ಮೇಲೆ ಆ ಮಗು, "ಯಾವಾಗ ಚುಚ್ತೀರಾ?" ಎಂದು ಕೇಳಿತಂತೆ. ಅಲ್ಲಿಂದ ಹಿಡಿದದ್ದು, ಈಗ ದೊಡ್ಡ ಡಾಕ್ಟರಿಂದ ನೆಲ ಒರೆಸುವವಳವರೆಗೆ ಎಲ್ಲರ ಬಾಯಲ್ಲೂ ಅವಳು ಹೂಗೈಯೇ. ಹಾಗೆ ಕರೆದಾಗಲೆಲ್ಲ ಅವಳು "ಅಯ್ಯೋ, ಬಿಡಿ" ಅನ್ನುತ್ತಾಳೆ. ಯಾರಾದರೂ ನಿಜವಾಗಿ ಬಿಟ್ಟರೆ ಅವತ್ತೆಲ್ಲ ಮುಖ ಊದಿಸಿಕೊಂಡಿರುತ್ತಾಳೆ.

ಚುಚ್ಚುವುದರಲ್ಲಷ್ಟೇ ಅಲ್ಲ, ರಕ್ತ ಟ್ಯೂಬಿಗೆ ಬಂದ ಮೇಲೂ ಅವಳ ಕೈ ಹಾಗೆಯೇ. ಹೆಬ್ಬೆರಳು ತೋರುಬೆರಳಿನ ನಡುವೆ ಟ್ಯೂಬನ್ನು ಹಿಡಿದು, ನಿದ್ದೆ ಹೋದ ಕೂಸಿನ ಮಗ್ಗುಲು ಬದಲಿಸುವ ಹಾಗೆ ಮೆಲ್ಲಗೆ ತಲೆಕೆಳಗು ಮಾಡುತ್ತಾಳೆ, ಮೆಲ್ಲಗೆ ಮೇಲೆತ್ತುತ್ತಾಳೆ. ರಕ್ತವನ್ನು ಕುಲುಕಿದರೆ ಕೆಂಪು ಕಣಗಳು ಒಡೆಯುತ್ತವೆ, ಒಡೆದ ರಕ್ತದ ಪರೀಕ್ಷೆ ಸುಳ್ಳು ಹೇಳುತ್ತದೆ. ಇದು ಅವಳು ಕಲಿತ ಮೊದಲ ಪಾಠ, ಆಮೇಲೆ ಬಂದವರಿಗೆಲ್ಲ ಕಲಿಸಿದ ಮೊದಲ ಪಾಠವೂ ಇದೇ. ಇಷ್ಟು ವರ್ಷದಲ್ಲಿ ರಕ್ತ ಒಡೆದಿದೆಯೆಂದು ಅವಳ ಟ್ಯೂಬು ವಾಪಸು ಬಂದದ್ದು ಎರಡೇ ಸಲ. ಆ ಎರಡು ಸಲವೂ ತಪ್ಪು ತನ್ನದಲ್ಲ ಎಂದು ಅವಳು ಈಗಲೂ ಜಗಳಕ್ಕೆ ನಿಲ್ಲುತ್ತಾಳೆ.

ಇಂಥವಳ ಹೊಟ್ಟೆಯಲ್ಲಿ ಕಿಚ್ಚು ಹಚ್ಚಿದವಳು ಅವಳ ಓರಗಿತ್ತಿ.

ಮೈದುನನ ಹೆಂಡತಿ, ಹನ್ನೊಂದು ವರ್ಷಕ್ಕೆ ಚಿಕ್ಕವಳು. ಅವಳನ್ನು ಲ್ಯಾಬಿಗೆ ತಂದು ಕೂರಿಸಿದವಳೂ ಈ ಹಿರಿಯಳೇ. "ನಮ್ಮನೆ ಹುಡುಗಿ ಸರ್, ಓದಿದಾಳೆ, ಹೇಳಿದ್ದು ಕೇಳ್ತಾಳೆ" ಎಂದು ಡಾಕ್ಟರ ಹತ್ತಿರ ಎರಡು ತಿಂಗಳು ಬೆನ್ನು ಹತ್ತಿ ಕೆಲಸ ಕೊಡಿಸಿದ್ದಳು. ಒಂದೇ ಮನೆ, ಒಂದೇ ಬಸ್ಸು, ಈಗ ಒಂದೇ ಮೇಜು. ಕಿರಿಯಳು ನಿಜವಾಗಿಯೂ ಹೇಳಿದ್ದನ್ನು ಕೇಳುವವಳೇ. ಮಾತು ಕಡಿಮೆ, ನಗು ಇನ್ನೂ ಕಡಿಮೆ, "ಆಯ್ತು ಅಕ್ಕ" ಎಂಬುದು ದಿನಕ್ಕೆ ಐವತ್ತು ಸಲ. ಕಾಲು ಕೆರೆದು ಜಗಳಕ್ಕೆ ಹೋಗೋಣವೆಂದರೂ ಒಂದು ಸಂದು ಸಿಗದಂಥ ಹೆಣ್ಣು. ಹಿರಿಯಳಿಗೆ ಅದೂ ಒಂದು ಸಿಟ್ಟೇ.

ಇವರಿಬ್ಬರ ಮೇಜಿಗೆ ಬರುತ್ತಿದ್ದದ್ದು ಕ್ಷಯದ ಹೊಸ ಪರೀಕ್ಷೆ. ಹಳೆಯದರಲ್ಲಿ ಕಫ ತಂದು ಮೈಕ್ರೋಸ್ಕೋಪಿನ ಕೆಳಗೆ ರೋಗಾಣುವನ್ನೇ ಹುಡುಕಬೇಕಿತ್ತು. ಆದರೆ ಮೈಯೊಳಗೆ ಸದ್ದಿಲ್ಲದೆ ಮಲಗಿರುವ ರೋಗಾಣು ಕಫಕ್ಕೆ ಬರುವುದೇ ಇಲ್ಲ. ಹೊಸದರಲ್ಲಿ ರೋಗಾಣುವಿನ ತಂಟೆಗೆ ಹೋಗುವುದಿಲ್ಲ, ರಕ್ತದ ಕಾವಲು ಕಣಗಳನ್ನೇ ವಿಚಾರಿಸುತ್ತಾರೆ: ಇದು ನಿಮಗೆ ಗುರುತಿನದೇ? ಅದಕ್ಕೆ ಒಬ್ಬೊಬ್ಬರಿಗೆ ನಾಲ್ಕು ಪುಟ್ಟ ಟ್ಯೂಬುಗಳು. ಒಂದು ಬರಿದು, ಉಳಿದವನ್ನು ಹೋಲಿಸಿ ನೋಡಲು. ಎರಡರ ಒಳಗೋಡೆಗೆ ರೋಗಾಣುವಿನ ತುಣುಕುಗಳನ್ನು ಒಣಗಿಸಿ ಹಚ್ಚಿರುತ್ತಾರೆ. ಗುರುತಿದ್ದ ಕಣಗಳು ರೇಗಿ ಒಂದು ಪದಾರ್ಥವನ್ನು ಹೊರಹಾಕುತ್ತವೆ, ಮರುದಿನ ಅದನ್ನು ಅಳೆಯುತ್ತಾರೆ. ನಾಲ್ಕನೆಯದು ಸಾಕ್ಷಿ ಟ್ಯೂಬು. ಅದರ ಗೋಡೆಯಲ್ಲಿರುವುದು ಎಂಥ ಸೋಮಾರಿ ಕಣವನ್ನೂ ಕೆರಳಿಸುವ ಮದ್ದು. ಅದಕ್ಕೂ ಕಣಗಳು ಸುಮ್ಮನಿದ್ದರೆ ಆ ರಕ್ತದ ಯಾವ ಮಾತನ್ನೂ ನಂಬುವಂತಿಲ್ಲ. ವರದಿಯಲ್ಲಿ "ನಿರ್ಧರಿಸಲಾಗಿಲ್ಲ" ಎಂದು ಬರೆದು, ರೋಗಿಯನ್ನು ಮತ್ತೆ ಕರೆಸಿ ಮತ್ತೆ ಚುಚ್ಚಬೇಕು. ಲ್ಯಾಬಿನವರು ಇದನ್ನು ಮೂಕ ಟ್ಯೂಬು ಅನ್ನುತ್ತಿದ್ದರು.

ಪರೀಕ್ಷೆ ಶುರುವಾದಾಗಿನಿಂದ ಮೂಕ ಟ್ಯೂಬುಗಳ ಕಾಟ ಹೆಚ್ಚಾಗಿಯೇ ಇತ್ತು. ಲ್ಯಾಬಿನ ಡಾಕ್ಟರು ಒಂದು ಹಿಡಿದರೆ ಬಿಡುವ ಮನುಷ್ಯರಲ್ಲ. ಟ್ಯೂಬುಗಳನ್ನು ರಾತ್ರಿಯಿಡೀ ಮೈಶಾಖದಲ್ಲಿಡುವ ಇನ್‌ಕ್ಯುಬೇಟರಿನೊಳಗೆ ಮೂರು ಮೂಲೆಗೆ ಮೂರು ಥರ್ಮಾಮೀಟರು ಇಟ್ಟು ನೋಡಿದರು. ರಕ್ತ ತೆಗೆದಲ್ಲಿಂದ ಒಳಗಿಡುವವರೆಗೆ ಎಷ್ಟು ನಿಮಿಷವಾಗುತ್ತದೆಂದು ಗಡಿಯಾರ ಹಿಡಿದು ನಿಂತರು. ಬೇರೆ ಪೆಟ್ಟಿಗೆಯ ಟ್ಯೂಬು ತರಿಸಿದರು, ಅಳೆಯುವ ಯಂತ್ರವನ್ನು ಬಿಚ್ಚಿ ತೊಳೆಸಿದರು. ಹೀಗೆ ಲ್ಯಾಬಿನಲ್ಲಿದ್ದ ಎಲ್ಲದರ ಮೇಲೂ ಅನುಮಾನಪಟ್ಟರು, ಹೂಗೈಯ ಕೈಯೊಂದನ್ನು ಬಿಟ್ಟು. ಅದರ ಮೇಲೆ ಅನುಮಾನಪಡುವುದು ಅವರಿಗೂ ಹೊಳೆಯಲಿಲ್ಲ.

ಕೊನೆಗೆ ಬೇರೇನೂ ತೋಚದೆ, ಮೂರು ತಿಂಗಳ ಪರೀಕ್ಷೆಗಳನ್ನು ಮಾಡಿದವರ ಪ್ರಕಾರ ವಿಂಗಡಿಸಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದರು. ಹಿರಿಯಳು ತೆಗೆದ ನೂರು ರಕ್ತಗಳಲ್ಲಿ ಹತ್ತೊಂಬತ್ತು ಮೂಕ. ಕಿರಿಯಳ ನೂರರಲ್ಲಿ ಮೂರು.

ಹಿರಿಯಳು ಆ ಹಾಳೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತಳು, ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನಿಂತಳು. ಅಂಕಿ ಬದಲಾಗಲಿಲ್ಲ.

"ನನ್ನ ಪಾಲಿಗೆ ಬಂದೋರೆಲ್ಲ ವಯಸ್ಸಾದೋರು ಸರ್" ಎಂದಳು.

"ಇರಬಹುದು, ಇರಬಹುದು" ಎಂದರು ಡಾಕ್ಟರು ಸಮಾಧಾನದ ದನಿಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಸಮಾಧಾನವನ್ನು ತಡೆದುಕೊಳ್ಳಲಾಗಲಿಲ್ಲ. ಅವರು ಕಿರಿಯಳ ಕಡೆ ತಿರುಗಿ, "ನೀನು ಏನಾದ್ರೂ ಬೇರೆ ಥರ ಮಾಡ್ತೀಯಾಮ್ಮ?" ಎಂದು ಕೇಳಿದರು. ಕಿರಿಯಳು ಒಮ್ಮೆ ಹಿರಿಯಳ ಮುಖ ನೋಡಿದಳು. "ಇಲ್ಲ ಸರ್, ಅಕ್ಕ ಹೇಳಿಕೊಟ್ಟ ಹಾಗೇ ಮಾಡೋದು" ಎಂದಳು.

ಸುಳ್ಳು ಎಂದು ಹಿರಿಯಳಿಗೆ ಅವಳ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

ಅವತ್ತಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಕಿರಿಯಳ ಕೈಗಳನ್ನೇ ನೋಡುವಳು. ಉಗುರು ಒತ್ತಾಗಿ ಕತ್ತರಿಸಿದ ಗಿಡ್ಡ ಬೆರಳುಗಳು, ಒಂದು ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಇಂಥ ಕೈಯಲ್ಲಿ ಏನಿದೆ? ಸೂಜಿ ಹಾಕಿದರೆ ರೋಗಿಗಳು ಈಗಲೂ "ಸ್ಸ್" ಅನ್ನುತ್ತಾರೆ. ಅಂದಮೇಲೆ ಇವಳದ್ದೇನೋ ಒಳಗುಟ್ಟಿದೆ. ಮೂಕ ಟ್ಯೂಬಿನ ಜಾಗದಲ್ಲಿ ಬೇರೆಯವರ ಟ್ಯೂಬನ್ನು ಇಡುತ್ತಾಳೋ? ಅಂಕಿ ತಿದ್ದುತ್ತಾಳೋ? ಹಾಗೆ ಯೋಚಿಸುವಾಗ ಹಿರಿಯಳಿಗೆ ನಾಚಿಕೆಯಾಗುತ್ತಿತ್ತು. ಆದರೆ ಸ್ವಲ್ಪ ಹಾಯೆನಿಸುತ್ತಿದ್ದದ್ದೂ ಆಗಲೇ.

ಇದು ಲ್ಯಾಬಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಅತ್ತೆ ಇದ್ದಳು.

ಅತ್ತೆಗೆ ಕೀಲುಗಳ ಉರಿಯೂತ. ಬೆರಳುಗಳು ಒಂದೊಂದಾಗಿ ಪಕ್ಕಕ್ಕೆ ವಾಲಿ, ಈಗ ನೀರಿನ ಬಾಟಲಿಯ ಮುಚ್ಚಳವನ್ನೂ ತಿರುಗಿಸಲಾರಳು. ರವಿಕೆಯ ಹುಕ್ಕು ಹಾಕಲು ಸೊಸೆಯರು ಬೇಕು. ಒಂದು ಕಾಲಕ್ಕೆ ಹೊಲಿಗೆ ಯಂತ್ರದಲ್ಲಿ ಬೀದಿಯ ಮಕ್ಕಳಿಗೆಲ್ಲ ಬಟ್ಟೆ ಹೊಲಿದವಳು, ಈಗ ಬೇರೆಯವರಿಂದ ಹುಕ್ಕು ಹಾಕಿಸಿಕೊಳ್ಳುವಾಗ ಗೋಡೆ ನೋಡುತ್ತಾಳೆ. ಕೀಲಿನ ಡಾಕ್ಟರು ಒಂದು ಹೊಸ ಇಂಜೆಕ್ಷನ್ ಹೇಳಿದ್ದರು. ಅದು ಬೆರಳುಗಳು ಮತ್ತಷ್ಟು ವಾಲದಂತೆ ತಡೆಯುತ್ತದೆ, ಆದರೆ ಮೈಯಲ್ಲಿ ಕ್ಷಯ ಮಲಗಿದ್ದರೆ ಎಬ್ಬಿಸಿಬಿಡುತ್ತದೆ. ಆದ್ದರಿಂದ ಮೊದಲು ಆ ಹೊಸ ಪರೀಕ್ಷೆ ಆಗಲೇಬೇಕು, ಇದೆ ಅಥವಾ ಇಲ್ಲ ಎಂದು ಗೊತ್ತಾಗಲೇಬೇಕು ಎಂದಿದ್ದರು.

ಮನೆಯಲ್ಲಿ ಹೂಗೈ ಇರುವಾಗ ಬೇರೆಯವರ ಮಾತೆಲ್ಲಿ? ಹಿರಿಯಳೇ ಅತ್ತೆಯನ್ನು ಲ್ಯಾಬಿಗೆ ಕರೆದೊಯ್ದು ರಕ್ತ ತೆಗೆದಳು. ಮೂಕ ಟ್ಯೂಬು. ಮತ್ತೆ ಪರೀಕ್ಷೆಗೆ ಕೀಲಿನ ಡಾಕ್ಟರ ಚೀಟಿ ಬೇಕು, ಅವರು ಸಿಗುವುದು ತಿಂಗಳಿಗೊಮ್ಮೆ. ಮುಂದಿನ ತಿಂಗಳು ಮತ್ತೆ ತೆಗೆದಳು. ಮತ್ತೆ ಮೂಕ. "ಊತ ಇಳಿಸೋ ಮಾತ್ರೆ ತಗೊಳ್ತಿದಾರಲ್ಲ, ಕಣಗಳು ಮಂಕಾಗಿರ್ತವೆ" ಎಂದು ಲ್ಯಾಬಿನ ಡಾಕ್ಟರು ಕಾರಣ ಹೇಳಿದ್ದರು. ಅದು ಸುಳ್ಳೇನಲ್ಲ. ಹಿರಿಯಳು ಆ ಕಾರಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದಿದ್ದಳು.

"ನನ್ನ ರಕ್ತಕ್ಕೂ ನನ್ನ ಹಾಗೇ ಹಟ" ಎಂದು ಮೊದಲ ಸಲ ಅತ್ತೆ ನಕ್ಕಿದ್ದಳು. ಎರಡನೆಯ ಸಲ ನಗಲಿಲ್ಲ. ಮೂರನೆಯದರ ದಿನ ಹತ್ತಿರ ಬಂದಾಗ, ಹುಕ್ಕು ಹಾಕಿಸಿಕೊಳ್ಳುತ್ತ, ಗೋಡೆ ನೋಡಿಕೊಂಡೇ ಹೇಳಿದಳು:

"ಈ ಸಲ ಚಿಕ್ಕೋಳು ನೋಡ್ಲಿ ಬಿಡೇ. ಅವಳದ್ದು ತಪ್ಪಲ್ವಂತಲ್ಲ."

ಹಿರಿಯಳ ಬೆರಳು ಹುಕ್ಕಿನ ಮೇಲೇ ನಿಂತಿತು. "ಯಾರು ಹೇಳಿದ್ದು?"

"ನಿನ್ನ ಮೈದುನ. ಗೋಡೆ ಮೇಲೆ ಬರೆದು ಹಾಕಿದಾರಂತೆ."

ಹೆಂಡತಿಯ ನೂರಕ್ಕೆ ಮೂರು ಎಂಬ ಅಂಕಿಯನ್ನು ಮೈದುನ ತಲೆಯ ಮೇಲೆ ಹೊತ್ತುಕೊಂಡು ಮೆರೆಯುತ್ತಿದ್ದಾನೆ! ಹಿರಿಯಳ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷ ಈ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಕೈ ನೀಡಿದ್ದು ತನ್ನ ಮುಂದೆ. ಇವತ್ತು "ಚಿಕ್ಕೋಳು ನೋಡ್ಲಿ."

"ನಾಳೆ ನಾಳಿದ್ದರಲ್ಲಿ ನೋಡೋಣ ಅತ್ತೆ" ಎಂದು ಕೊನೆಯ ಹುಕ್ಕನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಎಳೆದು ಹಾಕಿದಳು.

ಗುಟ್ಟು ಸಿಕ್ಕಿದ್ದು ಮರುದಿನ ಬೆಳಗ್ಗೆ. ಕಿರಿಯಳು ಒಬ್ಬ ಬಸ್ ಚಾಲಕನ ರಕ್ತ ತೆಗೆದು, ನಾಲ್ಕು ಟ್ಯೂಬುಗಳನ್ನು ಹಿಡಿದುಕೊಂಡು ಮೂಲೆಯ ಕಟ್ಟೆಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ದಿನಾ ಹಾಗೇ ನಿಲ್ಲುತ್ತಾಳೆ, ಹಿರಿಯಳು ಅದನ್ನು ನೋಡಿಯೂ ನೋಡಿರಲಿಲ್ಲ. ಇವತ್ತು ಎದುರಿನ ಇನ್‌ಕ್ಯುಬೇಟರಿನ ಗಾಜಿನ ಬಾಗಿಲಲ್ಲಿ ಕಿರಿಯಳ ಮುಂಭಾಗ ಕಾಣಿಸುತ್ತಿತ್ತು. ಹಿರಿಯಳು ಕೈಗವಸು ಹುಡುಕುವ ನೆಪದಲ್ಲಿ ಬಗ್ಗಿ ನೋಡಿದಳು.

ಕಿರಿಯಳು ಟ್ಯೂಬುಗಳನ್ನು ಮುಷ್ಟಿಯಲ್ಲಿ ಹಿಡಿದು ಕುಲುಕುತ್ತಿದ್ದಳು! ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ, ತುಟಿಯಲ್ಲೇ ಎಣಿಸುತ್ತ, ಗಿಲಕಿ ಆಡಿಸುವ ಹಾಗೆ.

ಹಿರಿಯಳಿಗೆ ಮೊದಲು ಆದದ್ದು ಸಂತೋಷ. ಕಳ್ಳಿ ಸಿಕ್ಕಿಬಿದ್ದಳು! ರಕ್ತ ಕುಲುಕುವವಳು, ಅದೂ ಬೆನ್ನು ತಿರುಗಿಸಿ. ಗುರುವಾರ ಮಧ್ಯಾಹ್ನ ಲ್ಯಾಬಿನವರೆಲ್ಲ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಎಲ್ಲರೆದುರು ಹೇಳಬೇಕು. "ಸರ್, ನಮ್ಮ ಹುಡುಗಿಯೇ, ಆದರೂ ಹೇಳ್ಬೇಕಾಗಿದೆ" ಎಂದು ಮಾತು ಶುರು ಮಾಡಬೇಕು. ಆ ಮಾತನ್ನು ಅವಳು ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಹಾಸಿಗೆ ಕೊಡವುವಾಗ ಮನಸ್ಸಿನಲ್ಲೇ ಆಡಿ ಆಡಿ ನುಣುಪು ಮಾಡಿದಳು.

ಆದರೆ ಆ ಖುಷಿಯ ತಳದಲ್ಲಿ ಒಂದು ಮುಳ್ಳು ಇತ್ತು. ಕುಲುಕಿದರೂ ಅವಳ ರಕ್ತ ಒಡೆಯುತ್ತಿಲ್ಲ. ಕುಲುಕಿದರೂ ಅವಳ ನಾಲ್ಕನೆಯ ಟ್ಯೂಬು ಮಾತಾಡುತ್ತದೆ. ಕುಲುಕಿದ್ದರಿಂದಲೇ ಮಾತಾಡುತ್ತದೋ? ಹಿರಿಯಳು ಆ ಯೋಚನೆ ಬಂದಾಗಲೆಲ್ಲ ಎದ್ದು ಬೇರೆ ಕೆಲಸ ಹಿಡಿದಳು.

ಬುಧವಾರ ಅತ್ತೆಯನ್ನು ಲ್ಯಾಬಿಗೆ ಕರೆತಂದರು. ಅತ್ತೆ ಕುರ್ಚಿಯಲ್ಲಿ ಕೂತು ಕಿರಿಯಳ ಕಡೆ ನೋಡಿದಳು. ಕಿರಿಯಳು ಹಿರಿಯಳ ಕಡೆ ನೋಡಿದಳು.

"ನಾನೇ ತೆಗೀತೀನಿ" ಎಂದಳು ಹಿರಿಯಳು. "ಅತ್ತೆ ನರ ಸಿಗೋದು ಕಷ್ಟ. ಇವಳ ಕೈಲಿ ಆಗಲ್ಲ."

"ಅಕ್ಕ, ತೆಗೆಯೋದು ನೀವು ತೆಗೀರಿ. ಟ್ಯೂಬು ನಾನು..."

"ಯಾಕೆ? ನನ್ನ ಕೈಗೆ ಏನಾಗಿದೆ?"

"ಆಯ್ತು ಅಕ್ಕ."

ನರ ಸಿಕ್ಕಿತು, ರಕ್ತ ಬಂತು, ಅತ್ತೆ ಕಣ್ಣು ಕೂಡ ಮಿಟುಕಿಸಲಿಲ್ಲ. ಹಿರಿಯಳು ನಾಲ್ಕನೆಯ ಟ್ಯೂಬನ್ನು ಬೆರಳುಗಳ ನಡುವೆ ಹಿಡಿದುಕೊಂಡಳು. ಒಂದೇ ಒಂದು ಸಲ ಕುಲುಕಿ ನೋಡು ಎಂದು ಒಳಗೊಂದು ಸ್ವರ ಹೇಳಿತು. ಕೈ ಮುಷ್ಟಿಯಾಗಲು ಹೊರಟಿತು ಕೂಡ. ಆದರೆ ಕಿರಿಯಳು ಎರಡು ಹೆಜ್ಜೆ ದೂರದಲ್ಲಿ ಅದೇ ಟ್ಯೂಬನ್ನು ನೋಡುತ್ತ ನಿಂತಿದ್ದಳು. ಅವಳ ಕಣ್ಣೆದುರು, ಅವಳ ಹಾಗೆ! ಅವಳ ದಾರಿಯಲ್ಲಿ ಹೋಗಿ ಗೆಲ್ಲುವುದಕ್ಕಿಂತ ನಿನ್ನ ದಾರಿಯಲ್ಲಿ ಸೋಲುವುದೇ ವಾಸಿ ಎಂದಿತು ಹೊಟ್ಟೆಕಿಚ್ಚು. ಸೋಲುವುದು ತಾನಲ್ಲ, ಅತ್ತೆಯ ಬೆರಳುಗಳು ಎಂಬುದನ್ನು ಮಾತ್ರ ಅದು ಹೇಳಲಿಲ್ಲ. ಹಿರಿಯಳು ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿದಳು, ಮೆಲ್ಲಗೆ ಮೇಲೆತ್ತಿದಳು, ಸ್ಟ್ಯಾಂಡಿನಲ್ಲಿಟ್ಟಳು.

ಗುರುವಾರ ಹನ್ನೆರಡು ಗಂಟೆಗೆ ಯಂತ್ರ ಅಂಕಿಗಳನ್ನು ಕೊಟ್ಟಿತು. ಅತ್ತೆಯ ನಾಲ್ಕನೆಯ ಟ್ಯೂಬು ಮೂಕ.

ಸಭೆಗೆ ಇನ್ನೂ ಎರಡು ಗಂಟೆಯಿತ್ತು. ಈಗಂತೂ ಕಿರಿಯಳನ್ನು ಬಿಡಬಾರದು ಎಂದುಕೊಂಡಳು ಹಿರಿಯಳು. ಸುಮ್ಮನೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ರಕ್ತ ಕುಲುಕಬಾರದು ಎಂಬ ಸಾಲನ್ನು ಟ್ಯೂಬಿನ ಕಂಪನಿಯ ಕಾಗದದಲ್ಲೇ ತೋರಿಸಬೇಕು. ಪ್ರತಿ ಪೆಟ್ಟಿಗೆಯಲ್ಲೂ ಒಂದು ಕಾಗದ ಬರುತ್ತಿತ್ತು, ಎಂಟು ಮಡಿಕೆಯದು, ಇರುವೆಯಂಥ ಅಕ್ಷರ. ಅವಳು ಅದನ್ನು ಒಮ್ಮೆಯೂ ಬಿಡಿಸಿ ಓದಿರಲಿಲ್ಲ. ಮೊದಲ ದಿನ ಕಂಪನಿಯ ಹುಡುಗನೊಬ್ಬ ಬಂದು ಮಾಡಿ ತೋರಿಸಿದ್ದ. ಟೈ ಕಟ್ಟಿಕೊಂಡು ಬಂದ ಆ ಪಾಪದವನಿಂದ ಇವಳು ಟ್ಯೂಬು ಹಿಡಿಯುವುದನ್ನು ಕಲಿಯಬೇಕಿತ್ತೇ? ಅವನು ತೋರಿಸುವಾಗ ಇವಳು ಲೇಬಲ್ ಅಂಟಿಸುತ್ತ ಕೂತಿದ್ದಳು.

ಭೂತಗನ್ನಡಿ ಹಿಡಿದು ಓದಿದಳು. ಮೂರನೆಯ ಚಿತ್ರದಲ್ಲಿ ಒಂದು ಮುಷ್ಟಿ, ಮುಷ್ಟಿಯೊಳಗೆ ಟ್ಯೂಬು, ಮೇಲೊಂದು ಕೆಳಗೊಂದು ಬಾಣ. ಟ್ಯೂಬಿನ ಒಳಗೋಡೆ ಪೂರ್ತಿ ರಕ್ತದಲ್ಲಿ ನೆನೆಯುವಂತೆ ಹತ್ತು ಸಲ ಕುಲುಕಬೇಕು ಎಂದು ಬರೆದಿತ್ತು. ನೊರೆ ಬರುವಷ್ಟು ಜೋರಾಗಿ ಅಲ್ಲ, ಆದರೆ ಗೋಡೆಗೆ ಹಚ್ಚಿದ ಮದ್ದು ಕರಗುವಷ್ಟು ಗಟ್ಟಿಯಾಗಿ.

ಮದ್ದು ಇರುವುದು ಗೋಡೆಯಲ್ಲಿ. ಗೋಡೆಯನ್ನು ಮುಟ್ಟದ ರಕ್ತಕ್ಕೆ ಮದ್ದು ಸಿಗುವುದು ಹೇಗೆ? ಗಟ್ಟಿಮುಟ್ಟಾದವರ ಕಣಗಳು ಸಿಕ್ಕಷ್ಟರಲ್ಲೇ ರೇಗಿಬಿಡುತ್ತವೆ. ಅತ್ತೆಯಂಥವರ ಮಂಕು ಕಣಗಳಿಗೆ ಅಷ್ಟು ಸಾಲದು. ಇಪ್ಪತ್ತೆರಡು ವರ್ಷ ತನ್ನ ಹೆಸರು ಉಳಿಸಿದ ಆ ಮೆಲ್ಲನೆಯ ಕೈಯೇ ಇಲ್ಲಿ ತಪ್ಪು ಮಾಡುತ್ತಿತ್ತು.

ಆಮೇಲೆ ಇನ್ನೊಂದು ನೆನಪಾಯಿತು. ಅದು ನೆನಪಾಗದಿದ್ದರೆ ಚೆನ್ನಾಗಿತ್ತು. ಕಿರಿಯಳು ಕೆಲಸಕ್ಕೆ ಬಂದ ಮೊದಲ ವಾರ, ಇದೇ ಕಾಗದ ಹಿಡಿದುಕೊಂಡು ಬಂದು, "ಅಕ್ಕ, ಇದರಲ್ಲಿ ಕುಲುಕ್ಬೇಕು ಅಂತ ಇದೆಯಲ್ಲ?" ಎಂದಿದ್ದಳು. "ರಕ್ತ ಏನು ಕೆಮ್ಮಿನ ಔಷಧಿನಾ, ಕುಲುಕಿ ಕುಡಿಯೋಕೆ? ನನ್ನ ಮೇಜಿನ ಮೇಲೆ ಆ ಮಂಗಾಟ ಬೇಡ" ಎಂದು ಇವಳು ನಾಲ್ಕು ಜನರೆದುರು ಗದರಿದ್ದಳು. ಎಲ್ಲರೂ ನಕ್ಕಿದ್ದರು. ಅವತ್ತಿನಿಂದ ಕಿರಿಯಳು ಬೆನ್ನು ತಿರುಗಿಸಿ ನಿಲ್ಲತೊಡಗಿದ್ದಳು. ಡಾಕ್ಟರು ಕೇಳಿದಾಗಲೂ ಇವಳ ಮಾನ ಕಾಯಲು ಸುಳ್ಳು ಹೇಳಿದ್ದಳು.

ಹಿರಿಯಳು ಕಾಗದವನ್ನು ಅದೇ ಎಂಟು ಮಡಿಕೆಗೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಸಭೆಯಲ್ಲಿ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಲೆಕ್ಕ ಹಾಕಿದಳು. ನಾಳೆಯಿಂದ ತಾನೂ ಸದ್ದಿಲ್ಲದೆ ಕುಲುಕಿದರೆ ಆಯಿತು. ಮುಂದಿನ ಹಾಳೆಯಲ್ಲಿ ತನ್ನ ಅಂಕಿಯೂ ಮೂರಕ್ಕೆ ಇಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗೊತ್ತಿರುವವಳೊಬ್ಬಳು ಬಾಯಿ ಬಿಡುವವಳಲ್ಲ. ಅತ್ತೆಯ ಪರೀಕ್ಷೆ ಮುಂದಿನ ತಿಂಗಳು ತಾನಾಗಿ ಸರಿಹೋಗುತ್ತದೆ.

ಮನೆಯಲ್ಲಿ ಅತ್ತೆ ನಡುಕೋಣೆಯ ಮಂಚದ ಮೇಲೆ ಕೂತಿದ್ದಳು. ಇಬ್ಬರು ಸೊಸೆಯರೂ ಚಪ್ಪಲಿ ಬಿಡುವ ರೀತಿಯಲ್ಲೇ ಅವಳಿಗೆ ಉತ್ತರ ಸಿಕ್ಕಿತು.

"ಈ ಸಲಾನೂ ಆಗ್ಲಿಲ್ಲ ಅನ್ನಿ" ಎಂದಳು. "ಅಂದ್ರೆ ಇನ್ನೊಂದು ತಿಂಗಳು." ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಅದರ ಬೆರಳುಗಳನ್ನು ನೇರ ಮಾಡಲು ನೋಡಿದಳು. ಅವು ಮತ್ತೆ ವಾಲಿದವು. "ಈ ಕಿರುಬೆರಳು ಹೋದ ತಿಂಗಳು ಇನ್ನೂ ನೆಟ್ಟಗಿತ್ತು ಕಣ್ರೇ" ಎಂದವಳ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷಗಳಲ್ಲಿ ಹಿರಿಯಳು ಅತ್ತೆ ಅತ್ತದ್ದನ್ನು ನೋಡಿರಲಿಲ್ಲ.

ಕಿರಿಯಳು ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತಳು. "ತಪ್ಪು ನಂದು ಅತ್ತೆ. ಅಕ್ಕ ಎಲ್ಲ ಸರಿಯಾಗೇ ಮಾಡಿದ್ರು. ಟ್ಯೂಬು ಒಳಗಿಡೋದನ್ನ ನಾನು ತಡ ಮಾಡ್ಬಿಟ್ಟೆ. ಮುಂದಿನ ಸಲ ಹೀಗಾಗಲ್ಲ."

"ಹೋಗ್ಲಿ ಬಿಡು ಮಗಳೇ" ಎಂದಳು ಅತ್ತೆ. ಸೊಸೆಯನ್ನು ಮಗಳೇ ಎಂದಳು! ಅಷ್ಟೇ ಅಲ್ಲ, ಆ ವಾಲಿದ ಬೆರಳುಗಳಿಂದಲೇ ಅವಳ ತಲೆ ಸವರಿದಳು. ಒಂದು ಸಲ, ಎರಡು ಸಲ.

ಹಿರಿಯಳು ನೋಡುತ್ತಿದ್ದಳು. ತನ್ನ ತಲೆಯನ್ನು ಅತ್ತೆ ಯಾವತ್ತೂ ಸವರಿರಲಿಲ್ಲ. ತಪ್ಪು ಮಾಡಿದವಳು ತಾನು, ತಲೆ ಸವರಿಸಿಕೊಂಡವಳು ಅವಳು! ಲ್ಯಾಬಿನಲ್ಲಿ ಅಂಕಿಯಲ್ಲಿ ಮೀರಿಸಿದ್ದು ಸಾಲದೆಂದು ಈಗ ಮನೆಗೆ ಬಂದು ಒಳ್ಳೆಯತನದಲ್ಲೂ ಮೀರಿಸುತ್ತಿದ್ದಾಳೆ. ಇದನ್ನೂ ಅವಳಿಗೇ ಬಿಟ್ಟುಕೊಡಬೇಕೇ? ಪಶ್ಚಾತ್ತಾಪ, ಧರ್ಮ, ಸತ್ಯ ಇಂಥ ದೊಡ್ಡ ಮಾತುಗಳು ಯಾವುವೂ ಆ ಗಳಿಗೆಯಲ್ಲಿ ಹಿರಿಯಳ ಹತ್ತಿರ ಸುಳಿಯಲಿಲ್ಲ. ಅವಳ ಬಾಯಿ ತೆರೆಸಿದ್ದು ಶುದ್ಧ ಹೊಟ್ಟೆಕಿಚ್ಚು.

"ಅದು ಅವಳ ತಪ್ಪಲ್ಲ!" ಎಂದು ಕಿರುಚಿದಳು, ಕೈಯಿಂದ ಯಾರೋ ಏನನ್ನೋ ಕಿತ್ತುಕೊಂಡ ಹಾಗೆ. "ನಂದು. ತಪ್ಪು ನಂದು. ಮೂರು ಸಲವೂ ನಂದೇ."

ಕಿರಿಯಳು ತಲೆಯೆತ್ತಿದಳು. "ಅಕ್ಕ, ಯಾಕೆ ಸುಮ್ನೆ..."

"ನೀನು ಬಾಯಿ ಮುಚ್ಚು. ಅತ್ತೆ, ಆ ಟ್ಯೂಬನ್ನ ಕುಲುಕ್ಬೇಕಂತೆ. ಹತ್ತು ಸಲ. ಕಾಗದದಲ್ಲಿ ಬರೆದಿದೆ. ಇವಳು ಮೊದಲ ವಾರವೇ ಹೇಳಿದ್ಲು, ನಾನು ಬೈದೆ. ನನಗೆ ನನ್ನ ಕೈ ಮೇಲೆ ಜಂಬ. ಇವಳು ಕದ್ದು ಕುಲುಕ್ತಾಳೆ, ಅದಕ್ಕೇ ಇವಳದ್ದು ಸರಿ ಬರುತ್ತೆ."

ಹಿರಿಯಳು ಕಾದಳು. ಯಾತಕ್ಕೆ ಕಾದಳೆಂದು ಅವಳಿಗೆ ಗೊತ್ತಿತ್ತು, ಹೇಳಲು ನಾಚಿಕೆ. ಅತ್ತೆಯ ಕೈ ಕಿರಿಯಳ ತಲೆಯ ಮೇಲೇ ಇತ್ತು.

"ನಿನ್ನೆ ತೆಗೆಯುವಾಗ ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು ಅತ್ತೆ.

ಇಲ್ಲ ಎನ್ನಬಹುದಿತ್ತು. ಕಾಗದ ಓದಿದ್ದು ಇವತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಅನುಮಾನ ಇತ್ತು" ಎಂದಳು ಹಿರಿಯಳು.

ಆ ರಾತ್ರಿ ಹುಕ್ಕು ಬಿಚ್ಚಿಸಿಕೊಳ್ಳಲು ಅತ್ತೆ ಕಿರಿಯಳನ್ನು ಕರೆದಳು.

ಶುಕ್ರವಾರ ಹಿರಿಯಳು ಆ ಎಂಟು ಮಡಿಕೆಯ ಕಾಗದವನ್ನು ಬಿಡಿಸಿ ಡಾಕ್ಟರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಡಾಕ್ಟರು ಬಹಳ ಹೊತ್ತು ಮೂರನೆಯ ಚಿತ್ರವನ್ನು ನೋಡಿ, "ಥರ್ಮಾಮೀಟರು ಇಟ್ಟೆ, ಗಡಿಯಾರ ಹಿಡಿದೆ. ನಿಮ್ಮ ಪಕ್ಕ ನಿಂತು ಒಂದು ಸಲ ನೋಡ್ಲಿಲ್ಲ ನೋಡಿ ಹೂಗೈಯವರೇ" ಎಂದರು. ಅದರಲ್ಲಿ ಬೈಗುಳ ಅವಳಿಗೆಷ್ಟು, ಅವರಿಗೆಷ್ಟು ಎಂದು ಹೇಳುವುದು ಕಷ್ಟ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಆ ಚಿತ್ರ ದೊಡ್ಡದಾಗಿ ಬಂತು. ಅದರ ಕೆಳಗೆ, ಹೇಗೆ ಕುಲುಕುವುದೆಂದು ಗೊತ್ತಿಲ್ಲದವರು ಕಿರಿಯಳನ್ನು ಕೇಳಿ ಎಂದು ಡಾಕ್ಟರು ಬರೆದಿದ್ದರು. ಹಿರಿಯಳಿಗೆ ಅದನ್ನು ಓದುವಾಗ ಹೊಟ್ಟೆಯಲ್ಲಿ ಹಳೆಯ ಜಾಗದಲ್ಲೇ ಮತ್ತೆ ಉರಿಯಿತು. ತಪ್ಪೊಪ್ಪಿಕೊಂಡರೆ ಅದು ಹೋಗುತ್ತದೆಂದು ಯಾರು ಹೇಳಿದ್ದರೋ, ಅವರಿಗೆ ಓರಗಿತ್ತಿ ಇದ್ದಿರಲಿಕ್ಕಿಲ್ಲ.

ಕೀಲಿನ ಡಾಕ್ಟರಿಗೆ ಲ್ಯಾಬಿನ ಡಾಕ್ಟರೇ ಫೋನು ಮಾಡಿ, ತಿಂಗಳು ಕಾಯಿಸಬೇಡಿ ಎಂದು ಕೇಳಿಕೊಂಡರು. ಸೋಮವಾರ ಬೆಳಗ್ಗೆ ಅತ್ತೆ ನಾಲ್ಕನೆಯ ಸಲ ಅದೇ ಕುರ್ಚಿಯಲ್ಲಿ ಕೂತಳು. ಮೂರು ದಿನಗಳಿಂದ ಅವಳು ಹಿರಿಯಳ ಜೊತೆ ಬೇಕಾದಷ್ಟೇ ಮಾತಾಡಿದ್ದಳು. ಹಿರಿಯಳು ದೂರ ನಿಂತು, ಸೂಜಿಯ ತಟ್ಟೆಯನ್ನು ಕಿರಿಯಳ ಕಡೆ ಸರಿಸಿದಳು.

"ಅವಳ್ಯಾಕೆ?" ಎಂದಳು ಅತ್ತೆ. "ಚುಚ್ಚೋದು ನೀನು ಚುಚ್ಚು. ನನಗೆ ನೋವಾಗೋದು ಬೇಡ."

ಹಿರಿಯಳು ಚುಚ್ಚಿದಳು. ನೋವಾಗಲಿಲ್ಲ. ನಾಲ್ಕು ಟ್ಯೂಬುಗಳು ತುಂಬಿದವು. ಕಿರಿಯಳು ಅವುಗಳನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಮೂಲೆಯ ಕಟ್ಟೆಯ ಕಡೆ ಹೋಗಿ ಬೆನ್ನು ತಿರುಗಿಸಿದಳು.

"ಬಾ ಇಲ್ಲಿ" ಎಂದಳು ಹಿರಿಯಳು. "ಬೆನ್ನು ತಿರುಗಿಸ್ಬೇಡ. ಇಲ್ಲೇ ತೋರಿಸು."

ಕಿರಿಯಳು ಮೂರು ಟ್ಯೂಬುಗಳನ್ನು ಎಲ್ಲರೆದುರು ಕುಲುಕಿದಳು. ನಾಲ್ಕನೆಯದನ್ನು ಹಿರಿಯಳ ಕೈಗೆ ಕೊಟ್ಟಳು. ಹಿರಿಯಳು ಮುಷ್ಟಿ ಕಟ್ಟಿದಳು. ಕೈ ಕೇಳಲಿಲ್ಲ, ಮೊದಲೆರಡು ಸಲ ಮೆಲ್ಲಗೇ ಆಡಿತು. "ಇನ್ನೂ ಸ್ವಲ್ಪ ಜೋರಾಗಿ ಅಕ್ಕ" ಎಂದಳು ಕಿರಿಯಳು. ಪಕ್ಕದ ಮೇಜಿನವರು ಕೆಲಸ ಬಿಟ್ಟು ನೋಡುತ್ತಿದ್ದರು. ಹಿರಿಯಳು ಹಲ್ಲು ಕಚ್ಚಿ ಕುಲುಕಿದಳು. ಕಿರಿಯಳು ಮೆತ್ತಗಿನ ದನಿಯಲ್ಲಿ ಎಣಿಸಿದಳು, ಎಂಟು, ಒಂಬತ್ತು, ಹತ್ತು. ಒಳಗೋಡೆಯಲ್ಲಿ ತಳದಿಂದ ಮುಚ್ಚಳದವರೆಗೆ ತೆಳ್ಳಗೆ ರಕ್ತ ಹಿಡಿದಿತ್ತು. ಒಂದೇ ಒಂದು ಗುಳ್ಳೆಯೂ ಇರಲಿಲ್ಲ.

ಆ ಟ್ಯೂಬು ಮರುದಿನ ಚೆನ್ನಾಗಿಯೇ ಮಾತಾಡಿತು. ಮೈಯಲ್ಲಿ ಕ್ಷಯ ಇಲ್ಲ ಎಂದಾಯಿತು, ಇಂಜೆಕ್ಷನ್ನೂ ಶುರುವಾಯಿತು, ಬೆರಳುಗಳು ವಾಲುವುದು ನಿಂತಿತು. ವಾಲಿದ್ದವು ಮತ್ತೆ ನೆಟ್ಟಗಾಗಲಿಲ್ಲ, ಆ ಕಿರುಬೆರಳೂ ಸೇರಿ. ಆದರೆ ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಅತ್ತೆ ಮೊಣಕೈಗೆ ಹತ್ತಿ ಒತ್ತಿಕೊಂಡು, ಕುರ್ಚಿಯಿಂದ ಮುಂದಕ್ಕೆ ಬಾಗಿ ಆ ಕುಲುಕುವುದನ್ನು ಮೊದಲಿನಿಂದ ಕೊನೆಯವರೆಗೂ ನೋಡುತ್ತಿದ್ದಳು. ಹತ್ತು ಮುಗಿದ ಮೇಲೆ ಇನ್ನೇನೋ ಇದೆಯೆಂಬಂತೆ ಸ್ವಲ್ಪ ಹೊತ್ತು ಕಾದಳು.

"ಇಷ್ಟೇನಾ?" ಎಂದಳು.

ಹಿರಿಯಳು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟಳು.

"ಇಷ್ಟೇ ಅತ್ತೆ" ಎಂದಳು.